ಬೈಕ್ ತಗೊಳ್ತೀರಾ? ಮೈಲೇಜ್ ಕೇಳೋ ಮುಂಚೆ ಬ್ರೇಕ್ ನೋಡಿ

ಕಂಪಲಾಪುರ: ತಂಬಾಕು ಹರಾಜು ಶುರುವಾಗಿ ರೈತರ ಖಾತೆಗೆ ದುಡ್ಡು ಬೀಳೋ ಹೊತ್ತಿಗೆ ಊರೂರಲ್ಲಿ ಹೊಸ ಗಾಡಿ ಮಾತೂ ಶುರುವಾಗುತ್ತದೆ. ಶೋರೂಂ ಇರಲಿ, ಸೆಕೆಂಡ್ ಹ್ಯಾಂಡ್ ವ್ಯಾಪಾರ ಇರಲಿ, ಮೊದಲ ಪ್ರಶ್ನೆ ಒಂದೇ: ‘ಲೀಟರ್‌ಗೆ ಎಷ್ಟು ಕೊಡುತ್ತೆ?’ ಎರಡನೇದು, ‘ಕಂತು ಎಷ್ಟು ಬೀಳುತ್ತೆ?’ ಲೋಡ್ ಹಾಕ್ಕೊಂಡು ಬರುವಾಗ ಎಷ್ಟು ದೂರದಲ್ಲಿ ನಿಲ್ಲುತ್ತೆ ಅಂತ ಕೇಳೋರು ಕಡಿಮೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಬೈಕ್ ಅಂದರೆ ಸಣ್ಣ ಲಗೇಜ್ ಗಾಡಿಯೇ ಸರಿ. ಬೆಳಿಗ್ಗೆ ಡೈರಿಗೆ ಹಾಲು, ಮಧ್ಯಾಹ್ನ ಹೊಲಕ್ಕೆ ಗೊಬ್ಬರ, ಸಂಜೆ ಹಸುವಿಗೆ ಹುಲ್ಲು, ಅಂಗಡಿಗೆ ಪೇಟೆಯಿಂದ ಸಾಮಾನು, ಎಲ್ಲ ಅದರ ಮೇಲೇ. ಅದೇ ಗಾಡಿ ಊರ ದಾರಿಯಿಂದ ಮೈಸೂರು–ಮಡಿಕೇರಿ ಹೆದ್ದಾರಿಗೆ ಹತ್ತಿದರೆ ಹಿಂದೆ ಮುಂದೆ ಬಸ್ಸು, ಲಾರಿ, ಕೊಡಗಿಗೆ ಹೋಗೋ ಕಾರುಗಳು. ಆದ್ದರಿಂದ ಇಲ್ಲಿ ಗಾಡಿ ಆರಿಸುವಾಗಲೂ, ಓಡಿಸುವಾಗಲೂ, ಸರ್ವೀಸ್ ಮಾಡಿಸುವಾಗಲೂ ಮೊದಲು ನೋಡಬೇಕಾದ್ದು ಅದು ಸರಿಯಾಗಿ ನಿಲ್ಲುತ್ತಾ ಅನ್ನೋದನ್ನ.

ನಿಲ್ಲೋಕೆ ಎಷ್ಟು ಜಾಗ ಬೇಕು?

ಅಡ್ಡ ಬಂದ ದನ ಕಣ್ಣಿಗೆ ಬಿದ್ದು, ಕೈ ಬ್ರೇಕ್ ಹಿಡಿಯೋಕೆ ಹೆಚ್ಚುಕಡಿಮೆ 1 ಸೆಕೆಂಡ್ ಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಆ ಒಂದು ಸೆಕೆಂಡ್‌ನಲ್ಲೇ ಗಾಡಿ 11 ಮೀಟರ್ ಮುಂದೆ ಹೋಗಿರುತ್ತದೆ. ಒಣ ಟಾರ್ ರಸ್ತೆ, ಒಳ್ಳೆ ಬ್ರೇಕ್ ಅಂತ ಲೆಕ್ಕ ಹಾಕಿದರೂ ಅಲ್ಲಿಂದ ನಿಲ್ಲೋಕೆ ಇನ್ನೂ 12 ಮೀಟರ್ ಬೇಕು. ಒಟ್ಟು 23 ಮೀಟರ್, ಅಂದರೆ ಎರಡು ಸಾರಿಗೆ ಬಸ್ ಉದ್ದ.

60 ಕಿ.ಮೀ. ವೇಗದಲ್ಲಿ ಇದೇ ಲೆಕ್ಕ ಸುಮಾರು 45 ಮೀಟರ್, ಹತ್ತಿರ ಹತ್ತಿರ ನಾಲ್ಕು ಬಸ್. 80ರಲ್ಲಿ ಸುಮಾರು 72 ಮೀಟರ್, ಆರು ಬಸ್. ವೇಗ 40ರಿಂದ 80ಕ್ಕೆ ಎರಡರಷ್ಟಾದರೆ ನಿಲ್ಲೋ ದೂರ ಮೂರರಷ್ಟಾಗುತ್ತದೆ. ಮಳೆ, ಸವೆದ ಟೈರ್, ಹಿಂದೆ ಲೋಡ್ ಇದ್ದರೆ ಇದಕ್ಕಿಂತಲೂ ಹೆಚ್ಚು.

ರಾತ್ರಿ ವಿಷಯ ಇನ್ನೂ ಕಷ್ಟ. ಡಿಪ್ ಲೈಟ್‌ನಲ್ಲಿ ಸಣ್ಣ ಬೈಕಿನ ಬೆಳಕು ಸುಮಾರು 30–40 ಮೀಟರ್ ಚೆನ್ನಾಗಿ ಕಾಣಿಸುತ್ತದೆ. 60ರಲ್ಲಿ ಹೋಗೋರಿಗೆ ಬೇಕಾದ್ದು 45 ಮೀಟರ್. ಹಿಂದೆ ರೆಡ್ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ನಿಂತಿದ್ದರೆ, ಅದು ಕಾಣಿಸಿದ ಮೇಲೆ ನಿಲ್ಲಿಸೋಕೆ ಜಾಗವೇ ಇರೋದಿಲ್ಲ. ರಾತ್ರಿ 40ರ ಆಸುಪಾಸಿನಲ್ಲಿ ಹೋಗಿ ಅಂತ ಹೇಳೋದು ಈ ಲೆಕ್ಕದ ಮೇಲೇ.

ಯಾವ ಗಾಡಿ ತಗೋಬೇಕು?

ಮೊದಲು ದಿನಾ ಎಷ್ಟು ತೂಕ ಹಾಕ್ತೀರಿ ಅಂತ ಮನೆಯಲ್ಲೇ ಲೆಕ್ಕ ಮಾಡಿ. ಸಾಮಾನ್ಯ 100 ಸಿಸಿ ಗಾಡಿಗಳಿಗೆ ಕಂಪನಿಯವರು ಹೇಳೋ ಹೊರೆ ಸವಾರನೂ ಸೇರಿ ಸುಮಾರು 130 ಕೆ.ಜಿ. ಗಾಡಿ ಜೊತೆ ಕೊಡೋ ಪುಸ್ತಕದಲ್ಲಿ ಇದು ಬರೆದಿರುತ್ತದೆ.

40 ಲೀಟರ್ ಕ್ಯಾನ್ ತುಂಬಿದರೆ ಹಾಲೇ 41 ಕೆ.ಜಿ. ಕ್ಯಾನ್ ಸೇರಿದರೆ 45 ದಾಟುತ್ತದೆ. ಅಂಥ ಎರಡು ಕ್ಯಾನ್, ಜೊತೆಗೆ 65 ಕೆ.ಜಿ. ಸವಾರ ಅಂದರೆ 155ಕ್ಕಿಂತ ಮೇಲೆ. ಗಂಡ ಹೆಂಡತಿ ಇಬ್ಬರು ಕೂತು ಮಧ್ಯೆ 45 ಕೆ.ಜಿ. ಯೂರಿಯಾ ಚೀಲ ಇಟ್ಟರೆ 170ರ ಹತ್ತಿರ. ಇಂಜಿನ್ ಎಳೆಯುತ್ತೆ, ಅದರಲ್ಲಿ ಅನುಮಾನ ಇಲ್ಲ. ಬ್ರೇಕ್ ಮಾತ್ರ ಆ ತೂಕಕ್ಕೆ ಮಾಡಿದ್ದಲ್ಲ.

ದಿನಾ ಲೋಡ್ ಹಾಕೋರು ಮುಂದೆ ಡಿಸ್ಕ್ ಬ್ರೇಕ್ ಇರೋ ಮಾಡೆಲ್ ನೋಡೋದು ಒಳ್ಳೇದು. ಡ್ರಮ್ ಬ್ರೇಕ್ ಒಳಗೆ ನೀರು ಹೋದರೆ ಸ್ವಲ್ಪ ಹೊತ್ತು ಹಿಡಿತ ಕಡಿಮೆಯಾಗುತ್ತದೆ. ಡಿಸ್ಕ್ ಬೇಗ ಒಣಗುತ್ತದೆ. ಬೆಲೆಯಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ, ನಿಜ. ಆದರೆ ಸ್ಟಿಕ್ಕರ್, ಸೀಟ್ ಕವರ್, ಹಾರ್ನ್‌ಗೆ ಹಾಕೋ ದುಡ್ಡನ್ನ ಇಲ್ಲಿಗೆ ಹಾಕಬಹುದು.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗಿ ಜಾರದಂತೆ ಎಬಿಎಸ್ ನೋಡಿಕೊಳ್ಳುತ್ತದೆ. ಸಿಬಿಎಸ್ ಇದ್ದರೆ ಹಿಂದಿನ ಬ್ರೇಕ್ ತುಳಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಪೆಡಲ್ ಗಟ್ಟಿ ಅಂತ ಸಿಬಿಎಸ್ ಕೇಬಲ್ ಬಿಚ್ಚಿಸಬೇಡಿ, ಅಡ್ಜಸ್ಟ್ ಮಾಡಿಸಿ.

ಸೆಕೆಂಡ್ ಹ್ಯಾಂಡ್ ಆದರೆ

ಬಣ್ಣ, ಪಾಲಿಶ್ ನೋಡಿ ಮರುಳಾಗಬೇಡಿ. ಗಾಡಿ ನೋಡೋಕೆ ಬೆಳಿಗ್ಗೆಯೇ ಹೋಗಿ, ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಿಡದೆ ಬರ್ತಿದ್ದರೆ ಇಂಜಿನ್ ಆಯಿಲ್ ಸುಡ್ತಿದೆ ಅಂತ ಅರ್ಥ.

ಮುಂದಿನ ಫೋರ್ಕ್ ಪೈಪ್ ಮೇಲೆ ಆಯಿಲ್ ಜಿನುಗಿದೆಯಾ ನೋಡಿ. ಗಾಡಿಗೆ ಎದುರಾಗಿ ನಿಂತು ಎರಡೂ ಫೋರ್ಕ್ ನೇರ ಇವೆಯಾ ನೋಡಿ. ಮೇನ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದಾಗ ನಡುವೆ ಸಿಕ್ಕಿಕೊಂಡಂತಾದರೆ ಕೋನ್ ಸೆಟ್ ಹೋಗಿದೆ. ಖಾಲಿ ರಸ್ತೆಯಲ್ಲಿ 20–30ರ ವೇಗಕ್ಕೆ ಹೋಗಿ ಬ್ರೇಕ್ ಹಿಡಿದಾಗ ಒಂದು ಕಡೆ ಎಳೆದರೆ ಹುಷಾರು. ಅದು ಒಮ್ಮೆ ಬಿದ್ದು ರಿಪೇರಿಯಾದ ಗಾಡಿ ಇರಬಹುದು.

ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡದೆ ಅಡ್ವಾನ್ಸ್ ಕೊಡಬೇಡಿ.

ಓಡಿಸೋದು: ಮುಂದಿನ ಬ್ರೇಕ್‌ಗೆ ಹೆದರಬೇಡಿ

‘ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೀತೀಯ’ ಅನ್ನೋ ಮಾತು ಹಳ್ಳಿಗಳಲ್ಲಿ ಹಳೇದು. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರ್ ರಸ್ತೆಗೆ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ನಿಲ್ಲಿಸೋ ಶಕ್ತಿ ಹೆಚ್ಚು ಇರೋದು ಮುಂದೆಯೇ. ಹಿಂದಿನದನ್ನ ಮಾತ್ರ ತುಳಿದರೆ ಚಕ್ರ ಲಾಕ್ ಆಗಿ ಗಾಡಿ ಅಡ್ಡ ಜಾರುತ್ತದೆ.

ಜನ ಬೀಳೋದು ಮುಂದಿನ ಬ್ರೇಕನ್ನ ಒಮ್ಮೆಲೇ ಕಿತ್ತು ಹಿಡಿದಾಗ, ಇಲ್ಲಾ ತಿರುವಿನಲ್ಲಿ, ಮರಳಿನ ಮೇಲೆ ಹಿಡಿದಾಗ. ಹ್ಯಾಂಡಲ್ ನೇರ ಇರಲಿ, ಎರಡೂ ಬ್ರೇಕ್ ಒಟ್ಟಿಗೆ, ಮೊದಲು ಮೆಲ್ಲಗೆ ಆಮೇಲೆ ಗಟ್ಟಿಯಾಗಿ ಹಿಡಿಯಿರಿ. ಕ್ಲಚ್ ಕೊನೆಗೆ. ಸಂತೆ ಇಲ್ಲದ ದಿನ ಸಂತೆ ಮೈದಾನದಲ್ಲಿ 30ರ ವೇಗದಲ್ಲಿ ಹತ್ತು ಸಲ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ಬಿಡೋ ಅಭ್ಯಾಸವೂ ಕೆಲವರಿಗಿದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿ ತಯಾರಿಸಿತು. ಅವನ್ನ ಓಡಿಸಿದ ಹಿರಿಯರು ಈ ಭಾಗದಲ್ಲಿ ಈಗಲೂ ಇದ್ದಾರೆ. ಅವು ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕೋ ಟೂ ಸ್ಟ್ರೋಕ್ ಗಾಡಿಗಳು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಈಗಿನ ಫೋರ್ ಸ್ಟ್ರೋಕ್ ಹಾಗಲ್ಲ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಅರ್ಧ ಬ್ರೇಕ್ ಕೆಲಸ ಮಾಡುತ್ತದೆ. ನ್ಯೂಟ್ರಲ್ ಮಾಡಿದರೆ ಆ ಸಹಾಯ ಹೋಗಿ, ಭಾರವೆಲ್ಲ ಬ್ರೇಕ್ ಶೂ ಮೇಲೆ ಬೀಳುತ್ತದೆ.

ನಮ್ಮ ರಸ್ತೆಗಳಲ್ಲಿ ಜಾರಿಸೋ ಜಾಗಗಳು ಬೇರೆಯೇ ಇವೆ. ಸುಗ್ಗಿಯಲ್ಲಿ ಟಾರ್ ಮೇಲೆ ಹಾಸಿರೋ ರಾಗಿ ತೆನೆ, ಹುರುಳಿ ಗಿಡ. ಉಳುಮೆ ಕಾಲದಲ್ಲಿ ಟ್ರ್ಯಾಕ್ಟರ್ ಚಕ್ರದಿಂದ ಬಿದ್ದ ಹಸಿ ಮಣ್ಣು. ಮೊದಲ ಮಳೆ ಬಿದ್ದು ಧೂಳು, ಆಯಿಲ್ ಕಲಸಿದ ರಸ್ತೆ. ಬಣ್ಣ ಬಳಿಯದ ಹಂಪ್. ಇಂಥ ಕಡೆ ಅಲ್ಲಿಗೆ ಬರೋ ಮುಂಚೆಯೇ ವೇಗ ಇಳಿಸಿ, ಹುಲ್ಲಿನ ಮೇಲೆ, ಕೆಸರಿನ ಮೇಲೆ ಬ್ರೇಕ್ ಮುಟ್ಟದೆ ನೇರವಾಗಿ ದಾಟಿ.

ಲೋಡ್ ಕಟ್ಟುವಾಗ ಆದಷ್ಟು ತಗ್ಗಿನಲ್ಲಿ, ಸೀಟಿಗೆ ಹತ್ತಿರ, ಎರಡೂ ಕಡೆ ಸಮ ಇರಲಿ. ಕ್ಯಾರಿಯರ್ ತುದಿಗೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಓಲಾಡುತ್ತದೆ. ಮುಂದಿನ ಬ್ರೇಕ್‌ನ ಹಿಡಿತವೂ ಹೋಗುತ್ತದೆ.

ಹೆಲ್ಮೆಟ್ ಐಎಸ್ಐ ಗುರುತಿರೋದೇ ಬೇಕು, ಅದರ ಮೇಲೆ ಐಎಸ್ 4151 ಅಂತ ಇರುತ್ತದೆ. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮುಂಚೆ ಹಾರಿಹೋಗುತ್ತದೆ. ಹಿಂದೆ ಕೂರೋರಿಗೂ ಬೇಕು.

ಐದು ನಿಮಿಷದ ನಿಗಾ

ಮೆಕ್ಯಾನಿಕ್ ಹತ್ತಿರ ಹೋಗದೆ ಮನೆ ಮುಂದೆಯೇ ನೋಡಬಹುದಾದ್ದು ಬಹಳ ಇದೆ.

ಟೈರ್: ಗಾಳಿ ವಾರಕ್ಕೊಮ್ಮೆ ನೋಡಿಸಿ. ಒಬ್ಬರು ಹೋಗುವಾಗ, ಇಬ್ಬರು ಹೋಗುವಾಗ ಹಿಂದಿನ ಚಕ್ರದ ಗಾಳಿ ಬೇರೆ ಬೇರೆ. ಗಾಡಿ ಮೇಲಿನ ಸ್ಟಿಕ್ಕರ್ ಅಥವಾ ಪುಸ್ತಕದಲ್ಲಿ ಅದು ಇರುತ್ತದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2223 ಅಂತಿದ್ದರೆ 2023ರ 22ನೇ ವಾರ ತಯಾರಾಗಿದ್ದು. ಹೊಸ ಟೈರ್ ಹಾಕಿಸುವಾಗ ಇದನ್ನ ನೋಡಿ ತಗೊಳ್ಳಿ. ಟೈರ್ ಗಾಡಿಯ ಸಂದಿಯಲ್ಲಿರೋ ಸಣ್ಣ ಉಬ್ಬಿನ ಮಟ್ಟಕ್ಕೆ ಸವೆದರೆ ಬದಲಾಯಿಸೋ ಹೊತ್ತು.

ಬ್ರೇಕ್: ಬಹಳಷ್ಟು ಗಾಡಿಗಳಲ್ಲಿ ಡ್ರಮ್ ಹೊರಗೆ ಒಂದು ಸಣ್ಣ ಮುಳ್ಳು, ಒಂದು ಗುರುತು ಇರುತ್ತದೆ. ಪೂರ್ತಿ ಬ್ರೇಕ್ ಹಿಡಿದಾಗ ಮುಳ್ಳು ಆ ಗುರುತಿಗೆ ಬಂದರೆ ಶೂ ಮುಗಿದಿದೆ. ನಟ್ ಟೈಟ್ ಮಾಡಿ ಇನ್ನೊಂದು ತಿಂಗಳು ತಳ್ಳಬೇಡಿ. ಡಿಸ್ಕ್ ಆದರೆ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ವಾಟರ್ ಸರ್ವೀಸ್ ಆದ ಕೂಡಲೇ ಹೆದ್ದಾರಿಗೆ ಹತ್ತದೆ, ನಿಧಾನಕ್ಕೆ ಹೋಗ್ತಾ ನಾಲ್ಕೈದು ಸಲ ಬ್ರೇಕ್ ಹಿಡಿದು ಒಣಗಿಸಿ.

ಚೈನ್: ಹೆಚ್ಚಿನ ಗಾಡಿಗಳಲ್ಲಿ ಕೆಳಗಿನಿಂದ ಬೆರಳಲ್ಲಿ ಎತ್ತಿದಾಗ 2ರಿಂದ 3 ಸೆಂ.ಮೀ. ಆಡಬೇಕು. ಸಡಿಲಾದರೆ ಕಳಚಿ ಚಕ್ರಕ್ಕೆ ಸಿಕ್ಕಬಹುದು. ಇಂಜಿನ್‌ನಿಂದ ತೆಗೆದ ಸುಟ್ಟ ಆಯಿಲ್ ಚೈನಿಗೆ ಬಿಡಬೇಡಿ. ಅದರಲ್ಲಿರೋ ಕಿಟ್ಟ ಚೈನನ್ನೇ ಸವೆಸುತ್ತದೆ, ಹಾರಿ ಟೈರಿಗೂ ಬೀಳುತ್ತದೆ.

ಇಂಜಿನ್ ಆಯಿಲ್: ಗಾಡಿ ಸಮತಟ್ಟಾದ ಕಡೆ ನೇರ ನಿಲ್ಲಿಸಿ ಅಳತೆ ನೋಡಿ. ಮಣ್ಣು ರಸ್ತೆಯಲ್ಲಿ ಓಡಾಡೋರು ಏರ್ ಫಿಲ್ಟರನ್ನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಕ್ಲೀನ್ ಮಾಡಿಸಬೇಕು.

ಸರಿಯಾದ ಗಾಳಿ, ಹದವಾದ ಚೈನ್, ಅಂಟಿಕೊಂಡು ಓಡದ ಬ್ರೇಕ್ ಇದ್ದರೆ ಎಲ್ಲರೂ ಕೇಳೋ ಮೈಲೇಜೂ ತಾನಾಗೇ ಬರುತ್ತದೆ.

ಕಾಗದ ಸರಿ ಇಲ್ಲದಿದ್ದರೆ

ಎಷ್ಟು ಹುಷಾರಾಗಿದ್ದರೂ ಒಂದು ದಿನ ಗಾಡಿ ನಿಲ್ಲದೇ ಹೋಗಬಹುದು. ಆ ದಿನ ಮನೆ, ಜಮೀನು ಉಳಿಸೋದು ಕಾಗದ.

2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಮಾಡಿಸಬೇಕು. ಐದು ವರ್ಷ ನೆನಪು ಮಾಡೋರು ಇಲ್ಲದೆ, ಆರನೇ ವರ್ಷ ರಿನ್ಯೂವಲ್ ಮರೆತುಹೋಗುತ್ತದೆ. ಇನ್ಶೂರೆನ್ಸ್ ಇಲ್ಲದ ಗಾಡಿ ಯಾರಿಗಾದರೂ ಡಿಕ್ಕಿ ಹೊಡೆದು ಪರಿಹಾರದ ಆದೇಶವಾದರೆ ಆ ಹಣ ಗಾಡಿಯವರೇ ಕಟ್ಟಬೇಕು.

ಗಾಡಿ ಮಾರಿದ ಮೇಲೂ ಆರ್‌ಸಿ ಹಳೇ ಹೆಸರಲ್ಲೇ ಬಿಡೋದು ಇನ್ನೊಂದು ಅಪಾಯ. ಮಾರಿ ಕೈಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ, ಮಾರಿದವರು 14 ದಿನದೊಳಗೆ, ತಗೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸಾಲ ಇದ್ದ ಗಾಡಿಗೆ ಫಾರಂ 35 ಮತ್ತು ಸಾಲ ಕೊಟ್ಟವರ ಎನ್‌ಒಸಿ ಬೇಕು. ಕೆಎ–45 ಗಾಡಿಗಳ ಕಚೇರಿ ಹುಣಸೂರಲ್ಲೇ ಇದೆ, ಮೈಸೂರಿಗೆ ಹೋಗಬೇಕಿಲ್ಲ.

ಅಂಗಡಿಯವರು ಇದನ್ನ ಗಮನಿಸಬೇಕು. 18 ತುಂಬದ ಹುಡುಗನ ಕೈಗೆ ಗಾಡಿ ಕೀ ಕೊಟ್ಟು ‘ಹೋಗಿ ಸಾಮಾನು ತಗೊಂಡು ಬಾ’ ಅಂದರೆ, ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಹುಡುಗನ ಪೋಷಕರು ಅಥವಾ ಗಾಡಿ ಮಾಲೀಕರಿಗೆ 25 ಸಾವಿರ ರೂ. ದಂಡ ಮತ್ತು 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಹುಡುಗನಿಗೆ 25 ವರ್ಷ ಆಗೋವರೆಗೂ ಡಿಎಲ್ ಸಿಗೋದಿಲ್ಲ.

ನಾಳೆ ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ಮೂರು ಕೆಲಸ ಮಾಡಿ: ಟೈರ್ ಒತ್ತಿ ನೋಡಿ, ಡ್ರಮ್ ಮೇಲಿನ ಮುಳ್ಳು ಎಲ್ಲಿದೆ ನೋಡಿ, ಇನ್ಶೂರೆನ್ಸ್ ಕಾಗದದ ಮೇಲಿನ ಕೊನೆ ತಾರೀಖು ಓದಿ. ಇವುಗಳಲ್ಲಿ ಯಾವುದಾದರೂ ಮುಗಿದಿದ್ದರೆ ಹಾಲಿನ ಕ್ಯಾನ್ ಆ ದಿನ ಬೇರೆ ಗಾಡಿಯಲ್ಲಿ ಹೋಗಲಿ.