ಐವತ್ತರ ಮೇಲೆ ನಾಲ್ಕು ತಂತಿ

ಇಂಗ್ಲೆಂಡಿನ ಪಬ್‌ಗಳ ಹವ್ಯಾಸಿ ಬ್ಯಾಂಡ್‌ಗಳಲ್ಲಿ ಬೇಸ್ ಗಿಟಾರ್ ಹಿಡಿದು ನಿಲ್ಲುವವರಲ್ಲಿ ತಲೆ ನರೆತವರೇ ಎದ್ದು ಕಾಣುತ್ತಾರೆ. ತಡವಾಗಿ ಸಂಗೀತಕ್ಕೆ ಬಂದವರನ್ನು ಈ ವಾದ್ಯ ಕೈಹಿಡಿದು ಒಳಗೆ ಕರೆದುಕೊಳ್ಳುವುದು ಹೇಗೆ?

ಶನಿವಾರ ಸಂಜೆ ಏಳರ ಹೊತ್ತಿಗೆ ಇಂಗ್ಲೆಂಡಿನ ಅನೇಕ ಪಬ್‌ಗಳಲ್ಲಿ ಒಂದು ಮೂಲೆ ಖಾಲಿಯಾಗುತ್ತದೆ. ಮೇಜುಗಳು ಗೋಡೆಗೆ ಸರಿಯುತ್ತವೆ, ಡಾರ್ಟ್ಸ್ ಹಲಗೆಗೆ ಆ ರಾತ್ರಿ ರಜೆ. ಹಿಂಬಾಗಿಲಿನಿಂದ ಡ್ರಮ್ಸ್, ಸ್ಪೀಕರ್, ಕೇಬಲ್ ಸುರುಳಿಗಳು ಒಳಗೆ ಬರುತ್ತವೆ. ಹೊತ್ತು ತರುವವರನ್ನು ನೋಡಿದರೆ ರಾಕ್ ಸಂಗೀತಗಾರರು ಅನಿಸುವುದೇ ಇಲ್ಲ. ಗಣಿತ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಪ್ಲಂಬರ್, ಕಚೇರಿಯಲ್ಲಿ ಲೆಕ್ಕ ಬರೆಯುವವರು, ಹೀಗಿರುತ್ತದೆ ತಂಡ. ಒಂಬತ್ತಕ್ಕೆ ಶುರು, ಮುಕ್ಕಾಲು ಗಂಟೆಯ ಎರಡು ಸುತ್ತು, ನಡುವೆ ಒಂದು ಗ್ಲಾಸು ಬಿಯರಿಗೆ ಸಾಕಾಗುವಷ್ಟು ಬಿಡುವು, ಹನ್ನೊಂದಕ್ಕೆ ಮುಕ್ತಾಯ. ಪಬ್‌ನವರು ಕೊಡುವ ಕೆಲವು ನೂರು ಪೌಂಡನ್ನು ನಾಲ್ಕೈದು ಪಾಲು ಮಾಡಿಕೊಂಡರೆ ಪೆಟ್ರೋಲಿಗೂ ಹೊಸ ತಂತಿಗೂ ಸರಿಹೋಯಿತು.

ಈ ತಂಡದಲ್ಲಿ ಡ್ರಮ್ಸ್ ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಂತವರ ಕೈಯಲ್ಲಿರುವುದು ಉದ್ದ ಕತ್ತಿನ, ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರ್. ಮಕ್ಕಳು ಮನೆ ಬಿಟ್ಟು, ಮನೆ ಸಾಲ ತೀರಿ, ವಾರದಲ್ಲೊಂದು ಸಂಜೆ ತಮ್ಮದಾದ ಮೇಲೆ ಇದನ್ನು ಕಲಿಯಲು ಕೂತವರು ಇಂಥ ತಂಡಗಳಲ್ಲಿ ಬೇಕಾದಷ್ಟು ಮಂದಿ. ಆ ವಯಸ್ಸಿನಲ್ಲಿ ಪಿಟೀಲು ಹಿಡಿದರೆ ನಾಲ್ಕು ಜನರ ಮುಂದೆ ಕೂರುವ ಮಟ್ಟಕ್ಕೆ ಬರುವುದು ದೂರದ ಮಾತು. ಬೇಸ್ ಅಷ್ಟು ಕಾಯಿಸುವುದಿಲ್ಲ. ಪಕ್ಕದವರು ನುಡಿಸುವುದನ್ನು ಕೇಳಿಸಿಕೊಳ್ಳಬೇಕು, ಕೈ ತಡೆಯಲು ಗೊತ್ತಿರಬೇಕು, ಚಪ್ಪಾಳೆ ಗಾಯಕನ ಪಾಲಾದರೂ ಬೇಜಾರಾಗಬಾರದು. ಇಪ್ಪತ್ತರಲ್ಲಿ ಇವು ಕಷ್ಟ. ಐವತ್ತು ದಾಟುವಷ್ಟರಲ್ಲಿ ಸಂಸಾರ, ನೌಕರಿ ಎರಡೂ ಸೇರಿ ಕಲಿಸಿಬಿಟ್ಟಿರುತ್ತವೆ.

ಯಾರಿಗೂ ಬೇಡದ ಜಾಗ

ಬೇಸ್ ಗಿಟಾರ್ ಹಳೆಯ ವಾದ್ಯವೇನಲ್ಲ. ಮೊದಲು ಮಂದ್ರ ಸ್ವರಗಳ ಹೊಣೆ ಆಳೆತ್ತರದ ಡಬಲ್ ಬೇಸ್ ಮೇಲಿತ್ತು. ಅದನ್ನು ಊರೂರಿಗೆ ಸಾಗಿಸುವುದು ಕಷ್ಟ. ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ಸ್ ಅಬ್ಬರದ ನಡುವೆ ಅದು ಕಿವಿಗೆ ಬೀಳುವುದೂ ಕಷ್ಟ. ಅಮೆರಿಕದ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಅಡ್ಡ ಹಿಡಿದು ನುಡಿಸುವ ಎಲೆಕ್ಟ್ರಿಕ್ ಬೇಸ್ ಮಾಡಿದ್ದರು, ಅದು ಓಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಿಂದ ಲಿಯೊ ಫೆಂಡರ್ ಮಾರುಕಟ್ಟೆಗೆ ಬಿಟ್ಟ ‘ಪ್ರಿಸಿಷನ್ ಬೇಸ್’ ಓಡಿತು. ಫೆಂಡರ್ ರೇಡಿಯೊ ರಿಪೇರಿ ಅಂಗಡಿ ನಡೆಸಿದವರು, ಗಿಟಾರ್ ನುಡಿಸಲು ಬಾರದವರು. ಅವರ ಬೇಸ್‌ಗೆ ಫ್ರೆಟ್‌ಗಳಿದ್ದವು, ಎಂದರೆ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು. ಬೆರಳು ಒಂದಿಷ್ಟು ಆಚೀಚೆ ಬಿದ್ದರೂ ಸ್ವರ ಅದರ ಸ್ಥಾನದಲ್ಲೇ ಹುಟ್ಟುತ್ತಿತ್ತು. ಮೀಟುವ ತಂತಿಯ ಉದ್ದಕ್ಕೆ ಅವರು ಗೊತ್ತುಮಾಡಿದ 34 ಇಂಚಿನ ಅಳತೆಯೇ ಇಂದಿಗೂ ವಾಡಿಕೆ.

ವಾದ್ಯ ಬಂದರೂ ಅದನ್ನು ಆಸೆಪಟ್ಟು ಹಿಡಿದವರು ಕಡಿಮೆ. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಬೀಟಲ್ಸ್ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಬಿಟ್ಟು ಹೋದಾಗ ಉಳಿದವರಲ್ಲಿ ಯಾರಿಗೂ ಆ ಜಾಗ ಬೇಡವಾಗಿತ್ತು. ಪಾಲ್ ಮೆಕಾರ್ಟ್ನಿ ಒಪ್ಪಿಕೊಂಡು, ಸುಮಾರು 30 ಪೌಂಡಿಗೆ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಕೊಂಡರು. 1972ರಲ್ಲಿ ಕಳುವಾಗಿದ್ದ ಆ ಬೇಸ್ ಮರಳಿ ಸಿಕ್ಕ ಸುದ್ದಿ 2024ರಲ್ಲಿ ಹೊರಬಿದ್ದಾಗ ಅವರಿಗೆ 81 ವರ್ಷ. ಲಾಸ್ ಏಂಜಲೀಸ್‌ನಲ್ಲಿ 1963ರ ಒಂದು ಧ್ವನಿಮುದ್ರಣಕ್ಕೆ ಬೇಸ್ ವಾದಕ ಬರಲೇ ಇಲ್ಲ. ಗಿಟಾರ್ ನುಡಿಸಲು ಬಂದಿದ್ದ ಕ್ಯಾರೊಲ್ ಕೇ ಬೇಸ್ ಎತ್ತಿಕೊಂಡರು. ಅತಿ ಹೆಚ್ಚು ಹಾಡುಗಳಿಗೆ ಬೇಸ್ ನುಡಿಸಿದವರ ಸಾಲಿನಲ್ಲಿ ಈಗ ಅವರ ಹೆಸರಿದೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ತಂತಿ ಮೀಟುತ್ತಿದ್ದರು. 1960ರ ದಶಕವಿಡೀ ಜಗತ್ತು ಆ ಹಾಡುಗಳಿಗೆ ಕುಣಿಯಿತು. ಮೋಟೌನ್ ಆಲ್ಬಂ ಹೊದಿಕೆಯ ಮೇಲೆ ಅವರ ಹೆಸರು ಅಚ್ಚಾಗಲು ಮಾರ್ವಿನ್ ಗೇ ಅವರ 1971ರ ಆಲ್ಬಂ ಬರಬೇಕಾಯಿತು.

ಹವ್ಯಾಸಿ ಲೋಕದಲ್ಲೂ ಹೀಗೆಯೇ. ಹದಿನಾರರ ಹುಡುಗರಿಗೆಲ್ಲ ಗಿಟಾರ್ ಬೇಕು. ಮೂರು ಮಂದಿ ಗಿಟಾರಿನವರು ಸೇರಿ ಬ್ಯಾಂಡ್ ಕಟ್ಟಹೊರಟು, ಬೇಸ್‌ಗೆ ಜನವಿಲ್ಲದೆ ಕೈಕಟ್ಟಿ ಕೂರುತ್ತಾರೆ. ತಡವಾಗಿ ಬಂದವರಿಗೆ ದಾರಿ ತೆರೆಯುವುದು ಈ ಕೊರತೆ. ಸಾಧಾರಣವಾಗಿ ನುಡಿಸುವ ಗಿಟಾರ್ ವಾದಕನನ್ನು ಯಾರೂ ಕರೆಯುವುದಿಲ್ಲ. ಸಾಧಾರಣವಾಗಿ ನುಡಿಸುವ, ತಾಳ ತಪ್ಪದ ಬೇಸ್ ವಾದಕನಿಗೆ ಎರಡು ತಂಡಗಳಿಂದ ಫೋನ್ ಬರುತ್ತದೆ.

ಪಬ್‌ಗೆ ಬಂದ ರಾಕ್

ಪಬ್ ಬ್ಯಾಂಡ್ ಎಂಬುದಕ್ಕೂ ಒಂದು ಚರಿತ್ರೆಯಿದೆ. 1971ರಲ್ಲಿ ಎಗ್ಸ್ ಓವರ್ ಈಜಿ ಎಂಬ ಅಮೆರಿಕನ್ ತಂಡ ಲಂಡನ್ನಿನ ಕೆಂಟಿಶ್ ಟೌನ್‌ನಲ್ಲಿ, ಅಲ್ಲಿಯವರೆಗೆ ಜಾಜ್ ಕೇಳಿಸುತ್ತಿದ್ದ ‘ಟ್ಯಾಲಿ ಹೋ’ ಪಬ್‌ನಲ್ಲಿ ನುಡಿಸಲು ಶುರುಮಾಡಿತು. ದೊಡ್ಡ ಕ್ರೀಡಾಂಗಣ, ಗಂಟೆಗಟ್ಟಲೆ ಸೋಲೊ, ಬಣ್ಣದ ದೀಪಗಳ ರಾಕ್‌ನಿಂದ ಬೇಸತ್ತವರಿಗೆ ಅದು ಹಿಡಿಸಿತು. ನಿಕ್ ಲೋ ಬೇಸ್ ನುಡಿಸುತ್ತ ಹಾಡುತ್ತಿದ್ದ ಬ್ರಿನ್ಸ್‌ಲಿ ಶ್ವಾರ್ಟ್ಸ್ ತಂಡ ಅದೇ ದಾರಿ ಹಿಡಿಯಿತು. ಥೇಮ್ಸ್ ನದಿ ಸಮುದ್ರ ಸೇರುವಲ್ಲಿರುವ ಕ್ಯಾನ್ವೆ ದ್ವೀಪದ ಡಾಕ್ಟರ್ ಫೀಲ್‌ಗುಡ್ ತಂಡ ಇಂಥ ಪಬ್‌ಗಳಲ್ಲೇ ಪಳಗಿ, 1976ರಲ್ಲಿ ಜನರ ಮುಂದೆಯೇ ಮುದ್ರಿಸಿದ ‘ಸ್ಟುಪಿಡಿಟಿ’ ಆಲ್ಬಂನಿಂದ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು.

ಹವ್ಯಾಸಿಗಳಿಗೆ ಕಾನೂನು ತೊಡಕಾಗಿತ್ತು. ಇಂಗ್ಲೆಂಡ್, ವೇಲ್ಸ್‌ನ ಪಬ್‌ಗಳಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಸೇರಿ ನುಡಿಸಬೇಕಾದರೆ ಮನರಂಜನೆಯ ಪ್ರತ್ಯೇಕ ಪರವಾನಗಿ ಬೇಕೆಂಬ ನಿಯಮ 2005ರವರೆಗೆ ಇತ್ತು. ಅದು ಹೋಗಿ ಬಂದ ಹೊಸ ಕಾನೂನು ಇಬ್ಬರನ್ನೂ ಪರವಾನಗಿಯ ಹಂಗಿಗೆ ತಂದಿತು. 2012ರ ಲೈವ್ ಮ್ಯೂಸಿಕ್ ಆ್ಯಕ್ಟ್ ಬಂದ ಮೇಲೆ ಉಸಿರಾಡುವಂತಾಯಿತು: ಮದ್ಯದ ಪರವಾನಗಿ ಇರುವಲ್ಲಿ 200 ಕೇಳುಗರವರೆಗೆ, ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ, ಬೇರೆ ಅನುಮತಿ ಬೇಕಿಲ್ಲ. 2015ರಲ್ಲಿ ಕೇಳುಗರ ಮಿತಿ 500ಕ್ಕೇರಿತು. ಹನ್ನೊಂದರ ಗಡಿ ಹಾಗೇ ಉಳಿಯಿತು, ಬ್ಯಾಂಡ್‌ಗಳು ಗಡಿಯಾರ ನೋಡುವುದು ಅದಕ್ಕೇ. ಈಗಿನ ಚಿಂತೆ ಬೇರೆ. 2000ದಲ್ಲಿ 60 ಸಾವಿರ ದಾಟಿದ್ದ ಬ್ರಿಟನ್ನಿನ ಪಬ್‌ಗಳು ಇಂದು 45 ಸಾವಿರದ ಆಸುಪಾಸಿಗೆ ಇಳಿದಿವೆ. ಉಳಿದವುಗಳಿಗೆ ಶನಿವಾರ ಜನ ಬರಬೇಕು, ಆ ಜನರನ್ನು ಕರೆತರುವ ಕೆಲಸದಲ್ಲಿ ಈ ಮೇಷ್ಟ್ರು, ಪ್ಲಂಬರ್‌ಗಳ ಪಾಲೂ ಇದೆ.

ಸ, ಮ, ಪ

ಬೇಸ್ ವಾದಕ ಮಾಡುವ ಕೆಲಸವನ್ನು ಹತ್ತಿರದಿಂದ ನೋಡೋಣ. ತಂತಿಗಳು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ. ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಂಡಸಿನ ಮಾತಿನ ದನಿಯೇ ನೂರರ ಆಸುಪಾಸಿನಲ್ಲಿರುತ್ತದೆ. ಪಬ್ ಬ್ಯಾಂಡ್‌ನ ಊಟ-ತಿಂಡಿಯೆಲ್ಲ ಹನ್ನೆರಡು ಆವರ್ತದ ಬ್ಲೂಸ್. ‘ಎ’ ಶ್ರುತಿಯಲ್ಲಿ ನುಡಿಸಿದರೆ ಮೊದಲ ನಾಲ್ಕು ಆವರ್ತ ಎ, ಮುಂದಿನ ಎರಡು ಡಿ, ಮತ್ತೆರಡು ಎ, ಆಮೇಲೆ ಒಂದು ಇ, ಒಂದು ಡಿ, ಕೊನೆಗೆ ಎರಡು ಎ. ನಮ್ಮ ಲೆಕ್ಕದಲ್ಲಿ ಷಡ್ಜ, ಮಧ್ಯಮ, ಪಂಚಮ, ಇಷ್ಟೇ. ಮೂರೂ ಬಿಡಿ ತಂತಿಯ ಸ್ವರಗಳಾದ್ದರಿಂದ ಮೊದಲ ವಾರದ ವಿದ್ಯಾರ್ಥಿಯೂ ಫ್ರೆಟ್ ಒತ್ತದೆ ಇಡೀ ಹಾಡಿಗೆ ಜೊತೆಯಾಗಬಹುದು.

ಹಾಗಾದರೆ ಎಡಗೈಗೆ ಕೆಲಸವಿಲ್ಲವೇ? ಇದೆ. ಒಂದು ತಂತಿ ಮೀಟಿದರೆ ಉಳಿದ ಮೂರೂ ಗುಂಯ್ ಅನ್ನತೊಡಗುತ್ತವೆ. ಎಡಗೈ ಬೆರಳುಗಳು ಹಗುರಾಗಿ ಅವುಗಳ ಮೇಲೆ ಮಲಗಿ ಬಾಯಿ ಮುಚ್ಚಿಸಬೇಕು, ಬಲಗೈ ಹೆಬ್ಬೆರಳು ದಪ್ಪ ತಂತಿಯ ಮೇಲೆ ಕೂರಬೇಕು. ಸ್ವರ ಎಲ್ಲಿ ಹುಟ್ಟಬೇಕು ಎನ್ನುವಷ್ಟೇ ಮುಖ್ಯ, ಎಲ್ಲಿ ಸಾಯಬೇಕು ಎನ್ನುವುದು. ಡ್ರಮ್ಸ್ ನುಡಿಸುವವರ ಬಲಗಾಲು ಕಿಕ್ ಡ್ರಮ್ಮಿಗೆ ಬಡಿಯುವ ಕ್ಷಣಕ್ಕೇ ತಂತಿ ಮೀಟಬೇಕು. ಎಡಗೈ ಸ್ನೇರ್ ಡ್ರಮ್ಮಿಗೆ ಬೀಳುವಷ್ಟರಲ್ಲಿ ಅದನ್ನು ತಡೆದರೆ ಹಾಡಿಗೆ ಒಂದು ಬಗೆಯ ನಡಿಗೆ, ತಡೆಯದೆ ಹರಿಯಬಿಟ್ಟರೆ ಇನ್ನೊಂದು ಬಗೆ. ಒಳ್ಳೆಯ ಜೋಡಿಯಾದರೆ ಡ್ರಮ್ಮಿನ ಪೆಟ್ಟಿಗೇ ಶ್ರುತಿ ಬಂದಂತೆ ಕೇಳುತ್ತದೆ.

ಇದರ ಪರಿಣಾಮ ಕೇಳುಗರ ಕಾಲಿನಲ್ಲಿ ಕಾಣುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಸ್ವರಗಳನ್ನು ಒಟ್ಟಿಗೆ ಕೇಳಿಸಿ, ಒಮ್ಮೊಮ್ಮೆ ಒಂದನ್ನು ತುಸು ಮುಂಚಿತವಾಗಿ ನುಡಿಸಿ ನೋಡಿದರು. ತಪ್ಪಿದ್ದು ಮಂದ್ರ ಸ್ವರವಾದರೆ ಮಿದುಳು ಅದನ್ನು ಹೆಚ್ಚು ಚುರುಕಾಗಿ ಹಿಡಿಯುತ್ತದೆ ಎಂದು 2014ರಲ್ಲಿ ವರದಿ ಮಾಡಿದರು. ಅದೇ ವಿಶ್ವವಿದ್ಯಾಲಯದಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕಿವಿಗೆ ಗೊತ್ತೇ ಆಗದಷ್ಟು ತಗ್ಗಿನ ದನಿಯನ್ನು ಸಂಗೀತ ಕಛೇರಿಯ ನಡುನಡುವೆ ಸೇರಿಸಿದಾಗ ಜನರ ಕುಣಿತ ಸುಮಾರು ಶೇ 12ರಷ್ಟು ಹೆಚ್ಚಿತು. ಗಾಯಕ ಪದ ಮರೆತರೆ ಜನ ನಕ್ಕು ಸುಮ್ಮನಾಗುತ್ತಾರೆ. ಬೇಸ್ ತಡವರಿಸಿದರೆ ಏನಾಯಿತೆಂದು ಗೊತ್ತಾಗದೆಯೇ ಕುಣಿಯುವವರ ಕಾಲು ತೊಡರುತ್ತದೆ. ಜಾತ್ರೆಯಲ್ಲಿ ಹಗ್ಗ ಹಿಡಿದ ಸಾವಿರ ಜನ ಕಣ್ಣಿಗೆ ಬೀಳುತ್ತಾರೆ. ತೇರು ಬೀದಿಯ ತಿರುವಿನಲ್ಲಿ ಸರಿಯಾಗಿ ಹೊರಳುವುದು ಗಾಲಿಗೆ ಸನ್ನೆ ಕೊಡುವವನಿಂದ. ಬ್ಯಾಂಡ್‌ನಲ್ಲಿ ಆ ಕೆಲಸ ಬೇಸ್‌ನದು.

ಕೈ ತಡೆಯುವುದಕ್ಕೆ ಪಬ್‌ಗಳಲ್ಲಿ ಸಿಗುವ ಒಳ್ಳೆಯ ಪಾಠ ‘ಫ್ರೀ’ ಎಂಬ ತಂಡದ 1970ರ ಹಾಡು ‘ಆಲ್ ರೈಟ್ ನೌ’. ಚರಣಗಳಲ್ಲಿ ಗಿಟಾರ್ ಮತ್ತು ಡ್ರಮ್ಸ್ ಮಾತ್ರ. ಪಲ್ಲವಿ ಬಂದಾಗ ಬೇಸ್ ಒಳಗೆ ಬರುತ್ತದೆ, ಕೋಣೆ ತುಂಬಿಕೊಳ್ಳುತ್ತದೆ. ಹಾಡು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಆ್ಯಂಡಿ ಫ್ರೇಸರ್ ಸ್ವತಃ ಬೇಸ್ ವಾದಕರು, ಹಾಡು ಹೊರಬಂದಾಗ ಅವರಿಗೆ 17. ಆ ವಯಸ್ಸಿನಲ್ಲೇ ಸುಮ್ಮನಿರಲು ಗೊತ್ತಿದ್ದದ್ದು ಅಪರೂಪದ ಪ್ರತಿಭೆ. ಉಳಿದವರಿಗೆ ಆ ಬುದ್ಧಿ ಬರಲು ವಯಸ್ಸೇ ಆಗಬೇಕು.

ಕನ್ನಡದ ಕಿವಿಗೆ ಈ ವಾದ್ಯ ಹೊಸದಲ್ಲ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರಕ್ಕೆ ಇಳಯರಾಜ ಮಾಡಿದ ಹಾಡುಗಳನ್ನು ಹೆಡ್‌ಫೋನಿನಲ್ಲಿ ಕೇಳಿ. ದನಿಯ ಕೆಳಗೆ ಇನ್ನೊಂದು ಹಾಡಿನಂತೆ ಬೇಸ್ ಓಡುತ್ತಿರುತ್ತದೆ. ಪಬ್ ಮತ್ತು ರಾಕ್ ಒಟ್ಟೊಟ್ಟಿಗೆ ಬೆಳೆದ ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್‌ನಂಥ ತಂಡಗಳ ವಾರಗೆಯವರಿಗೂ ಈಗ ಐವತ್ತರ ಗಡಿ.

ಬೆನ್ನು, ಬೆರಳು, ಕಿವಿ

ವಯಸ್ಸು ಕೊಡುವುದರ ಜೊತೆಗೆ ಕಿತ್ತುಕೊಳ್ಳುತ್ತದೆ ಕೂಡ. ಬೇಸ್‌ನ ತೂಕ ನಾಲ್ಕು ಕಿಲೋ ಆಚೀಚೆ. ಎರಡು ಗಂಟೆ ಎಡಹೆಗಲ ಮೇಲೆ ತೂಗುಬಿಟ್ಟರೆ ಮರುದಿನ ಬೆನ್ನು ದೂರು ಹೇಳುತ್ತದೆ. ಅಗಲ ಪಟ್ಟಿ ಹಾಕಿಕೊಳ್ಳುತ್ತಾರೆ, ಎತ್ತರದ ಸ್ಟೂಲಿಗೆ ಒರಗುತ್ತಾರೆ. ಹೆಬ್ಬೆರಳ ಬುಡದ ಸಂಧಿವಾತ ಒಂದು ಕಾಟ. ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಬಾಗಿ ನಿಂತುಬಿಡುವ ಡುಪ್ಯುಟ್ರೆನ್ ಎಂಬ ತೊಂದರೆ ಉತ್ತರ ಯುರೋಪಿನ ಗಂಡಸರಲ್ಲಿ ಐವತ್ತರ ಮೇಲೆ ಸಾಮಾನ್ಯ. ಇಂಥವರಿಗೆ 30 ಇಂಚಿನ ಗಿಡ್ಡ ಬೇಸ್ ಇದೆ. 34 ಇಂಚಿನದರಲ್ಲಿ ಮೊದಲ ಫ್ರೆಟ್ ತಲುಪಲು ಸುಮಾರು 4.8 ಸೆಂಟಿಮೀಟರ್ ದಾಟಬೇಕು, ಗಿಡ್ಡದರಲ್ಲಿ 4.3. ಕಾಗದದ ಮೇಲೆ ಅರ್ಧ ಸೆಂಟಿಮೀಟರ್ ಏನೂ ಅಲ್ಲ, ನೋಯುವ ಕೈಗೆ ಬಹಳ. ಮೆಕಾರ್ಟ್ನಿಯ ಹಾಫ್ನರ್ ಕೂಡ ಗಿಡ್ಡ ಜಾತಿಯದೇ.

ಹೊರುವ ಭಾರವಂತೂ ಈಗ ಬಹಳ ಇಳಿದಿದೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಆಂಪ್ (ದನಿ ಹಿಗ್ಗಿಸುವ ಆಂಪ್ಲಿಫೈಯರ್) 300 ವಾಟ್‌ನದು, ಸ್ಪೀಕರ್ ಬಿಟ್ಟು ಅದೊಂದೇ 40 ಕಿಲೋಗೆ ಹತ್ತಿರ. ಇವತ್ತಿನ ಕ್ಲಾಸ್ ಡಿ ಆಂಪ್‌ಗಳು ಅದಕ್ಕಿಂತ ಹೆಚ್ಚು ಶಕ್ತಿಯನ್ನು ಎರಡು-ಮೂರು ಕಿಲೋದಲ್ಲಿ ಕೊಡುತ್ತವೆ; ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಅರವತ್ತು ದಾಟಿದವರು ಪಬ್‌ನ ಹಿಂಬಾಗಿಲ ಮೆಟ್ಟಿಲು ಹತ್ತುತ್ತಿರುವುದರಲ್ಲಿ ಈ ಎಂಜಿನಿಯರಿಂಗ್‌ನ ಪಾಲು ದೊಡ್ಡದು.

ಕಿವಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸದ್ದು ದಿನದ ಸರಾಸರಿಯಲ್ಲಿ 85 ಡೆಸಿಬೆಲ್ ಮುಟ್ಟಿದರೆ ಕಿವಿ ರಕ್ಷಣೆ ಕಡ್ಡಾಯ. ಪ್ರತಿ 3 ಡೆಸಿಬೆಲ್‌ಗೆ ಸದ್ದಿನ ಶಕ್ತಿ ದುಪ್ಪಟ್ಟಾಗುವುದರಿಂದ 85ರಲ್ಲಿ ಎಂಟು ಗಂಟೆ ಕಳೆದದ್ದೂ 100ರಲ್ಲಿ ಕಾಲು ಗಂಟೆ ನಿಂತದ್ದೂ ಕಿವಿಗೆ ಸಮ. ಸಿಂಬಲ್ ಪಕ್ಕದಲ್ಲೇ ನಿಲ್ಲುವ ಬೇಸ್ ವಾದಕರಿಗೆ ಇಯರ್‌ಪ್ಲಗ್ ತಂತಿಯಷ್ಟೇ ಅಗತ್ಯ.

ಒಳಗೆ ಹೋಗುವ ದಾರಿ

ತಡವಾಗಿ ಕಲಿಯುವವರನ್ನು ಸಂಗೀತಲೋಕ ಗಂಭೀರವಾಗಿ ಕಾಣತೊಡಗಿದ್ದು ಈಚೆಗೆ. ಅಮೆರಿಕದ ರಾಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ರಾಯ್ ಅರ್ನ್‌ಸ್ಟ್ 1991ರಲ್ಲಿ ಶುರುಮಾಡಿದ ‘ನ್ಯೂ ಹೊರೈಜನ್ಸ್’ ಮೊದಲಿನಿಂದಲೂ ಹಿರಿಯರಿಗಾಗಿಯೇ ಇದ್ದ ವಾದ್ಯವೃಂದ. ಆ ಮಾದರಿ ಬೇರೆ ದೇಶಗಳಿಗೂ ಹಬ್ಬಿತು. ಪಬ್‌ಗಳಿಗೂ ತಮ್ಮದೇ ಪಾಠಶಾಲೆಯಿದೆ. ವಾರದ ಮಧ್ಯೆ ಜ್ಯಾಮ್ ನೈಟ್ ನಡೆಯುತ್ತದೆ. ಪಬ್‌ನ ಖಾಯಂ ತಂಡ ನುಡಿಸುತ್ತಿರುತ್ತದೆ, ಹೆಸರು ಬರೆಸಿದವರು ಎರಡು ಹಾಡಿಗೆ ಅವರ ಜಾಗ ತೆಗೆದುಕೊಳ್ಳುತ್ತಾರೆ. ಅಲ್ಲಿ ಮುಖಪರಿಚಯವಾದವರಿಗೆ ‘ಡೆಪ್’ ಕರೆ ಬರುತ್ತದೆ, ಎಂದರೆ ಯಾರಿಗೋ ಜ್ವರ ಬಂದ ಶನಿವಾರ ಅವರ ಬದಲು ನಿಲ್ಲುವುದು. ಹಾಡಿನ ಪಟ್ಟಿ ಗುರುವಾರ ಕೈಸೇರುತ್ತದೆ, ಎರಡು ರಾತ್ರಿಯಲ್ಲಿ ಅಷ್ಟೂ ಹಾಡು ಕಿವಿಗೆ ಹಾಕಿಕೊಳ್ಳಬೇಕು. ಅದರಲ್ಲಿ ಅರ್ಧಕ್ಕರ್ಧ ಹನ್ನೆರಡು ಆವರ್ತದವು ಎಂಬುದೇ ಸಮಾಧಾನ.

ಕಲಿಯಲು ಕೂರುವವರಿಗೆ ಪಳಗಿದವರು ಹೇಳುವುದು ಇಷ್ಟು. ಸೆಕೆಂಡ್ ಹ್ಯಾಂಡ್ ಬೇಸ್ ಸಾಕು. ದಿನಕ್ಕೆ ಇಪ್ಪತ್ತು ನಿಮಿಷ, ಲಯ ತೋರಿಸುವ ಮೆಟ್ರೊನೋಮ್ ಜೊತೆ, ನಿಧಾನ ಕಾಲದಲ್ಲಿ ನುಡಿಸಿ. ಸೋಲೊ ಆಮೇಲೆ, ಬಾರದಿದ್ದರೂ ನಷ್ಟವಿಲ್ಲ. ಆದಷ್ಟು ಬೇಗ ಡ್ರಮ್ಸ್‌ನವರೊಬ್ಬರನ್ನು ಹುಡುಕಿಕೊಳ್ಳಿ, ಒಂಟಿಯಾಗಿ ಕಲಿತ ಬೇಸ್ ಅರ್ಧ ವಿದ್ಯೆ. ಆಮೇಲೆ ಬ್ಯಾಂಡ್‌ನವರು ಸಂದರ್ಶನಕ್ಕೆ ಕರೆಯುತ್ತಾರೆ. ಎಷ್ಟು ವರ್ಷದ ಅಭ್ಯಾಸ, ಯಾರ ಬಳಿ ಪಾಠ ಎಂದೆಲ್ಲ ಕೇಳುತ್ತಾರೆಂದು ಹೆದರಬೇಕಿಲ್ಲ. ಸ್ವಂತ ಆಂಪ್ ಇದೆಯೇ, ಕಾರಿನಲ್ಲಿ ಡ್ರಮ್ಸ್‌ಗೂ ಜಾಗವಿದೆಯೇ, ಬುಧವಾರ ಸಂಜೆ ತಾಲೀಮಿಗೆ ತಪ್ಪದೆ ಬರುತ್ತೀರಾ ಎನ್ನುವುದು ಮೊದಲ ಪ್ರಶ್ನೆಗಳು. ಐವತ್ತು ದಾಟಿದವರು ಇವಕ್ಕೆ ಸಲೀಸಾಗಿ ಹೂಂ ಅನ್ನಬಲ್ಲರು.