ಕರುಳಿನ ಉರಿಯೂ ಹೃದಯದ ಗುರುತೂ

ಹೊಟ್ಟೆನೋವು ಮಕ್ಕಳ ಕಾಯಿಲೆ, ಹೃದಯರೋಗ ಮುದುಕರ ಕಾಯಿಲೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಇವೆರಡಕ್ಕೂ ನಂಟುಂಟೆಂದರೆ ನಗುವವರೇ ಹೆಚ್ಚು. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಆದರೂ ಓದಿ ತಿಳಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಮುಂದಿಡುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕರುಳಿನ ದೀರ್ಘಕಾಲದ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆಯುಂಟು. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವ ಕೊಲೈಟಿಸ್ ಒಂದು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ ಇದನ್ನು 1859ರಲ್ಲಿ ವರ್ಣಿಸಿದನು. ಇನ್ನೊಂದು ಕ್ರೋನ್ ರೋಗ. 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಒಪ್ಪೆನ್‌ಹೈಮರ್ ಎಂಬ ಮೂವರು ಇದರ ಬಗ್ಗೆ ಬರೆದರು. ಶತ್ರುವಿನ ಮೇಲೆ ಕಾದಬೇಕಾದ ದೇಹದ ರಕ್ಷಣಾಶಕ್ತಿ ಸ್ವಂತ ಕರುಳಿನ ಮೇಲೆಯೇ ತಿರುಗಿಬೀಳುವುದು ಈ ರೋಗಗಳ ಲಕ್ಷಣ. ಭೇದಿ, ರಕ್ತಸ್ರಾವ, ಜ್ವರಗಳಿಂದ ಮಗು ಸೊರಗುವುದು. ಅದರ ಬೆಳವಣಿಗೆಯೇ ಕುಂಠಿತವಾಗುವುದುಂಟು. ನಮ್ಮ ದೇಶದಲ್ಲಿಯೂ ಈ ರೋಗಗಳು ಹೆಚ್ಚುತ್ತಿವೆ. ಕ್ರೋನ್ ರೋಗವನ್ನು ಕರುಳಿನ ಕ್ಷಯವೆಂದು ಭ್ರಮಿಸುವುದೂ ಇಲ್ಲಿ ಅಪರೂಪವಲ್ಲ.

ಕರುಳಿನ ಉರಿಗೂ ಹೃದಯಕ್ಕೂ ಏನು ಸಂಬಂಧ? ನಮ್ಮ ಹಳ್ಳಿಯ ಮನೆಗಳನ್ನು ನೆನೆಯಿರಿ. ಒಲೆ ಉರಿಯುವುದು ಅಡಿಗೆಮನೆಯ ಮೂಲೆಯಲ್ಲಿ; ಮಸಿ ಹಿಡಿಯುವುದು ಮನೆಯ ತೊಲೆ-ಜಂತೆಗಳಿಗೆಲ್ಲ. ಹಾಗೆಯೇ ಕರುಳಿನಲ್ಲಿ ಹುಟ್ಟಿದ ರಾಸಾಯನಿಕ ಸಂದೇಶಗಳು ರಕ್ತದಲ್ಲಿ ಹರಿದು ಯಕೃತ್ತನ್ನು ಸೇರುವುವು. ಆಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ವಸ್ತುವನ್ನು ಹೆಚ್ಚಾಗಿ ತಯಾರಿಸುವುದು. 1930ರಲ್ಲಿ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡದ್ದು ಇದನ್ನೇ. ಅದೇ ಸಂದೇಶಗಳು ರಕ್ತನಾಳಗಳ ನವುರಾದ ಒಳಪದರವನ್ನೂ ಕೆಣಕುವುವು.

ರಕ್ತನಾಳದ ರೋಗ ಮುಪ್ಪಿನಲ್ಲಿ ಹಠಾತ್ತನೆ ಹುಟ್ಟುವುದಲ್ಲ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿ 1953ರಲ್ಲಿ ವರದಿ ಮಾಡಿದಾಗ, ಸರಾಸರಿ 22 ವಯಸ್ಸಿನ ಆ ತರುಣರಲ್ಲಿ ನೂರಕ್ಕೆ 77 ಮಂದಿಯ ಹೃದಯದ ನಾಳಗಳಲ್ಲಿ ರೋಗದ ಕುರುಹು ಕಂಡಿತು. ನಮ್ಮದೇ ವಯಸ್ಸಿನವರಲ್ಲವೇ! ಕೊಬ್ಬಿನ ಜೊತೆಗೆ ಉರಿಯೂತವೂ ಇದಕ್ಕೆ ಕಾರಣವೆಂಬುದನ್ನು 2017ರ ಒಂದು ದೊಡ್ಡ ಪ್ರಯೋಗ ಬಲಪಡಿಸಿತು. ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳು ಅದರಲ್ಲಿದ್ದರು. ಉರಿಯೂತವನ್ನು ಮಾತ್ರ ತಗ್ಗಿಸುವ ಮದ್ದು, ಕೆಟ್ಟ ಕೊಲೆಸ್ಟರಾಲನ್ನು ಇಳಿಸದೆಯೇ, ಮತ್ತೆ ಆಘಾತವಾಗುವ ಸಂಭವವನ್ನು ಕಡಿಮೆ ಮಾಡಿತು.

ಆದುದರಿಂದ ಈ ಮಕ್ಕಳಲ್ಲಿ ಮುಂದಿನ ಅಪಾಯದ ಗುರುತುಗಳನ್ನು ವೈದ್ಯರು ಹುಡುಕುತ್ತಾರೆ. ಕತ್ತಿನ ದೊಡ್ಡ ರಕ್ತನಾಳದ ಗೋಡೆ ಎಷ್ಟು ದಪ್ಪವಾಗಿದೆಯೆಂದು ಅಲ್ಟ್ರಾಸೌಂಡಿನಿಂದ ಅಳೆಯುವುದು ಒಂದು ವಿಧಾನ. ತೋಳಿಗೆ ಪಟ್ಟಿ ಬಿಗಿದು, ಐದು ನಿಮಿಷದ ಮೇಲೆ ಸಡಿಲಿಸಿ, ನಾಳ ಎಷ್ಟು ಹಿಗ್ಗುವುದೆಂದು ನೋಡುವುದು ಇನ್ನೊಂದು. ನಾಡಿಯ ಅಲೆ ಓಡುವ ವೇಗವನ್ನು ಅಳೆಯುವುದು ಮೂರನೆಯದು; ಗಡಸಾದ ನಾಳದಲ್ಲಿ ಅಲೆ ವೇಗವಾಗಿ ಓಡುವುದು. ಈ ಪರೀಕ್ಷೆಗಳ ಫಲಿತಾಂಶಗಳೆಲ್ಲ ಒಂದೇ ತೆರನಾಗಿಲ್ಲ. ಕೆಲವೆಡೆ ಆರೋಗ್ಯವಂತ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಕಂಡಿದೆ, ಕೆಲವೆಡೆ ಕಂಡಿಲ್ಲ. ಗುರುತೆಂದರೆ ರೋಗವಲ್ಲ, ಎಚ್ಚರಿಕೆ ಮಾತ್ರ.

ಇಲ್ಲಿ ಮೋಸಹೋಗಬಹುದಾದ ಒಂದು ಸಂಗತಿಯುಂಟು. ರೋಗ ಉಲ್ಬಣಿಸಿದಾಗ ಕೊಲೆಸ್ಟರಾಲಿನ ಒಟ್ಟು ಮೊತ್ತ ಕಡಿಮೆಯಾಗಿಯೇ ಕಾಣಬಹುದು. ಆದರೆ ಜೊತೆಗೆ ಒಳ್ಳೆಯ ಕೊಲೆಸ್ಟರಾಲೂ ಇಳಿದಿರುವುದು. ಆ ಒಂದು ಅಂಕಿಯನ್ನು ನೋಡಿ ನಿಶ್ಚಿಂತರಾಗುವಂತಿಲ್ಲ.

ಚಿಕಿತ್ಸೆಯೂ ಇಬ್ಬಾಯಿಯ ಖಡ್ಗವೇ. ಸ್ಟೀರಾಯ್ಡ್ ಮದ್ದು ಉರಿಯನ್ನು ಬೇಗ ಆರಿಸಿದರೂ ರಕ್ತದೊತ್ತಡ, ಸಕ್ಕರೆ, ಮೈಯ ಕೊಬ್ಬುಗಳನ್ನು ಏರಿಸಬಲ್ಲುದು. ಅದಕ್ಕಾಗಿಯೇ ಕ್ರೋನ್ ರೋಗದ ಮಕ್ಕಳಿಗೆ ಆರರಿಂದ ಎಂಟು ವಾರ ಸಂಪೂರ್ಣ ಪೋಷಣೆಯ ದ್ರವಾಹಾರವನ್ನಷ್ಟೇ ಕೊಟ್ಟು ಗುಣಪಡಿಸುವ ಕ್ರಮವೂ ಬಂದಿದೆ.

ಕೊನೆಗೆ ಒಂದು ಮಾತು. ನಮ್ಮಂಥ ಮನೆಗಳಲ್ಲಿ ಮಗುವಿನ ನೋವು ನಿಂತೊಡನೆ ಮದ್ದೂ ನಿಲ್ಲುವುದು. ತಾಯಂದಿರನ್ನು ದೂರುವಂತಿಲ್ಲ, ಮದ್ದಿಗೆ ಹಣ ಬೇಕು, ಪೇಟೆಗೆ ಹೋದರೆ ಒಂದು ದಿನದ ಕೂಲಿ ಹೋಗುವುದು. ಆದರೆ ನೋವು ನಿಂತ ಮೇಲೂ ಉರಿ ಒಳಗೊಳಗೇ ಉಳಿದಿರಬಹುದು. ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ವಸ್ತುವನ್ನು ಅಳೆದರೆ ಅದರ ಸುಳಿವು ಸಿಕ್ಕುವುದು. ವೈದ್ಯರು ಹೇಳುವವರೆಗೆ ಮದ್ದು ಬಿಡದಿರುವುದು, ರಕ್ತದೊತ್ತಡ ಅಳೆಸುವುದು, ಮಗುವನ್ನು ಶಕ್ತಿಯಿದ್ದಷ್ಟು ಆಡಬಿಡುವುದು, ಬೀಡಿ-ಸಿಗರೇಟಿನ ಹೊಗೆಯಿಂದ ದೂರವಿಡುವುದು—ಇಷ್ಟು ಬಡವರ ಮನೆಯಲ್ಲಿಯೂ ನಡೆಯಬೇಕಾದ ಕೆಲಸ. ಓದು ಬಲ್ಲ ನಾವು ಇದನ್ನು ಊರಿಗೆ ಹೋದಾಗ ಒಬ್ಬ ತಾಯಿಗಾದರೂ ತಿಳಿಸಿದರೆ ಕಲಿತದ್ದು ಸಾರ್ಥಕವಾದೀತು. ಬೂದಿ ಮುಚ್ಚಿದ ಕೆಂಡವನ್ನು ಆರಿತೆಂದು ನಂಬಿ ಮಲಗಬಾರದಷ್ಟೆ.