ಉಪ್ಪನ್ನು ಹೊರಹಾಕುವ ಎಲೆ



ಅಂಗಡಿ ನಡೆಸುವವರಿಗೆ ಎರಡು ಎಚ್ಚರಗಳು ಬೇಕು. ಬೇಡದ ಸಾಲ ಒಳಗೆ ಬರದಂತೆ ತಡೆಯಬೇಕು. ಬಂದದ್ದನ್ನು ದಿನದಿನವೂ ತೀರಿಸುತ್ತಿರಬೇಕು. ಈ ಎರಡನ್ನೂ ತಪ್ಪದೆ ಮಾಡುವ ಮರವೊಂದಿದೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಂಥ ನೀರು ಹಾಯಿಸಿದರೆ ನಮ್ಮ ತೊಗರಿ, ಜೋಳ ಬಾಡಿ ಹೋಗುತ್ತವೆ. ಆದರೆ ಅಳಿವೆಯ ಕೆಸರಿನಲ್ಲಿ ನಿಂತ ಕಾಂಡ್ಲಾ ಮರಗಳು ಹಸಿರಾಗಿಯೇ ಇರುತ್ತವೆ. ಅವುಗಳಲ್ಲಿ ಅವಿಸೀನಿಯಾ ಅಫಿಸಿನಾಲಿಸ್ ಎಂಬ ಜಾತಿ ಕಾಸರಗೋಡಿನ ಅಳಿವೆಗಳಲ್ಲೂ ಇದೆ, ಸಿಂಗಪುರದ ತೀರದಲ್ಲೂ ಇದೆ. ಬಿಸಿಲೇರಿದಾಗ ಅದರ ಎಲೆಯ ಮೇಲೆ ಉಪ್ಪಿನ ಹರಳುಗಳು ಮಿನುಗುತ್ತವೆ.

ನೀರು ಹೀರುವಾಗಲೇ ಬೇರು ಉಪ್ಪಿನ ಬಹುಪಾಲನ್ನು, ನೂರಕ್ಕೆ ತೊಂಬತ್ತರಷ್ಟನ್ನು, ಹೊರಗೇ ತಡೆಯುತ್ತದೆ. ಆದರೂ ನುಸುಳಿದ್ದನ್ನು ಎಲೆಯಲ್ಲಿರುವ, ಬರಿಗಣ್ಣಿಗೆ ಕಾಣದ ಗ್ರಂಥಿಗಳು ಹೊರಗೆ ಹಾಕುತ್ತವೆ.

ಗ್ರಂಥಿಯೊಳಗೆ ಈ ಕೆಲಸ ಮಾಡುವವು ಪ್ರೋಟೀನುಗಳು. ಪ್ರೋಟೀನ್ ಎಂದರೆ ನಮಗೆ ಬೇಳೆಕಾಳು ನೆನಪಾಗುತ್ತದೆ. ಜೀವಕೋಶದಲ್ಲಿ ಅವು ಬಾಗಿಲು ಕಾಯುವ, ಸರಕು ಸಾಗಿಸುವ ಆಳುಗಳು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಗ್ರಂಥಿಗಳು ಉಪ್ಪುನೀರನ್ನು ಬಿಟ್ಟು ಬಿಟ್ಟು, ಒಂದು ಲಯದಲ್ಲಿ ಸ್ರವಿಸುತ್ತವೆ. 2014ರಲ್ಲಿ ಅವರು ಎಲೆಯ ಜೀವಕೋಶದ ಹೊರಪೊರೆಯಲ್ಲಿ 254, ಒಳಗಿನ ರಸಕೋಶದ ಪೊರೆಯಲ್ಲಿ 165 ಪ್ರೋಟೀನುಗಳನ್ನು ಗುರುತಿಸಿದರು. ಅವುಗಳಲ್ಲಿ ಶಕ್ತಿ ವ್ಯಯಿಸಿ ಸಾಗಣೆಗೆ ಒತ್ತಡ ಕೊಡುವ ಪಂಪುಗಳಿವೆ, ಹಲವು ಪದಾರ್ಥಗಳನ್ನು ಸಾಗಿಸುವ ವಾಹಕಗಳಿವೆ, ನೀರಿನ ದಾರಿಯಾದ ಅಕ್ವಾಪೋರಿನ್‌ಗಳಿವೆ. ಅಕ್ವಾಪೋರಿನ್ ಕಂಡುಹಿಡಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಬಂದಿತ್ತು. ಉಪ್ಪನ್ನು ಹೊರಗೆ ಬಿಡುವಾಗ ನೀರನ್ನು ಮರಳಿ ಉಳಿಸಿಕೊಳ್ಳಲು ಇವು ನೆರವಾಗುತ್ತವೆಂದು ಸಂಶೋಧಕರ ಅಭಿಪ್ರಾಯ. ಕಸ ಗುಡಿಸುವಾಗ ಕಾಳು ಆರಿಸಿಕೊಂಡಂತೆ!

ಇದರಿಂದ ನಮಗೇನು ಎಂದು ಕೇಳಬಹುದು. ಸಾಂಗ್ಲಿ, ಸೋಲಾಪುರ ಕಡೆ ಕಬ್ಬಿಗೆ ಮಿತಿಮೀರಿ ನೀರು ಕೊಟ್ಟು ಸವಳಾದ ಹೊಲಗಳನ್ನು ನೋಡಿದವರಿಗೆ ಉತ್ತರ ಗೊತ್ತು. ರೈತ ಸೋತರೆ ಪೇಟೆಯೂ ಸೋಲುತ್ತದೆ. ಉಪ್ಪು ತಾಳುವ ಬೆಳೆಯ ದಾರಿಯನ್ನು ಈ ಎಲೆ ತೋರಿಸಬಹುದು. ಆ ದಾರಿ ಇನ್ನೂ ಉದ್ದವಿದೆ. ಅಷ್ಟರೊಳಗೆ ಕಾಂಡ್ಲಾ ಕಾಡನ್ನೇ ಕಡಿದರೆ ಕಲಿಸುವ ಗುರುವೇ ಇಲ್ಲವಾದಂತೆ. ನೀರು ಕೊಡುವುದರಲ್ಲಿ ಹಿತಮಿತ ಕಲಿಯುವುದು ಮಾತ್ರ ಇಂದೇ ಸಾಧ್ಯ.

ವನಸ್ಪತಿಕಾಯದ ಏಕೇಂದ್ರಿಯ ಜೀವವಿದು. ಮರ ತಪಸ್ಸು ಮಾಡುತ್ತದೆಂದು ನಾವು ಹೇಳುವುದಿಲ್ಲ, ಉಪಮೆಗಷ್ಟೇ ನೋಡೋಣ. ಉಪ್ಪು ಒಳನುಗ್ಗುವುದು ಆಸ್ರವದಂತೆ, ಬೇರು ತಡೆಯುವುದು ಸಂವರದಂತೆ, ಎಲೆ ಹೊರಹಾಕುವುದು ನಿರ್ಜರೆಯಂತೆ. ಪಾಠಶಾಲೆಯಲ್ಲಿ ಮಕ್ಕಳಿಗೆ ತತ್ತ್ವಗಳನ್ನು ಹೇಳುವಾಗ ಈ ಎಲೆಯನ್ನೂ ನೆನೆಯಬಹುದು. ಅದು ಒಂದೇ ದಿನ ಶುದ್ಧವಾಗುವುದಿಲ್ಲ. ಹನಿ ಹನಿಯಾಗಿ, ನಿತ್ಯವೂ ಹೊರಹಾಕುತ್ತದೆ. ನಮ್ಮ ಪ್ರತಿಕ್ರಮಣವೂ ನಿತ್ಯವೇ ಅಲ್ಲವೇ?

ಜಯ ಜಿನೇಂದ್ರ.